ಹಾಡು ಹೇಳುವವರು: ಕಾನಮಾರಾದ ಜೋ ಹೀನಿ

ಮಾನ್ಯ ಕೇಳುಗರೆ,

ಐರ್ಲೆಂಡಿನ ಪಶ್ಚಿಮ ಕರಾವಳಿಯ ಕಾನಮಾರಾ ಸೀಮೆಯಲ್ಲಿ, ಸಂಜೆ ಜನ ಸೇರಿದ ಮನೆಗೆ ಹಾಡು ಬಲ್ಲವರೊಬ್ಬರು ಬಂದರೆ, ಅವರಿಗೆ ಐರಿಷ್ ಭಾಷೆಯಲ್ಲಿ ‘ಅಬಿರ್ ಅವ್ರಾನ್’ ಎಂದು ಕೇಳಿಕೊಳ್ಳುತ್ತಾರೆ. ‘ಅವ್ರಾನ್’ ಎಂದರೆ ಹಾಡು. ‘ಅಬಿರ್’ ಎಂದರೆ ಹೇಳು. ಇಂಗ್ಲಿಷ್ ಮಾತಾಡುವವರಿಗೆ ಈ ಪ್ರಯೋಗ ವಿಚಿತ್ರವಾಗಿ ಕಾಣುತ್ತದೆ, ಏಕೆಂದರೆ ಅವರಲ್ಲಿ ಯಾರೂ ಹಾಡನ್ನು ಹೇಳುವುದಿಲ್ಲ. ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಸೆಗೆ ಕರೆಯುವಾಗಲೂ ತೊಟ್ಟಿಲು ತೂಗುವಾಗಲೂ ನಮ್ಮ ಮನೆಗಳಲ್ಲಿ ‘ಒಂದು ಹಾಡು ಹೇಳಿ’ ಎಂದೇ ಕೇಳುತ್ತೇವೆ. ಎರಡು ಭಾಷೆಗಳಿಗೂ ನಂಟಿಲ್ಲ, ಆದರೂ ಈ ಒಂದು ಕ್ರಿಯಾಪದದ ಬಲದಿಂದ ಜೋ ಹೀನಿಯವರ ಹಾಡುಗಾರಿಕೆಯ ಒಳಕ್ಕೆ ಹೋಗಬಹುದು ಎಂಬುದು ನನ್ನ ನಂಬಿಕೆ. ಅವರು ಹಾಡನ್ನು ನಿಜಕ್ಕೂ ಹೇಳುತ್ತಿದ್ದರು.

ಐರಿಷ್ ಭಾಷೆಯಲ್ಲಿ ಶೋಸವ್ ಓ ಹೇನಿ ಎಂದು ಕರೆಸಿಕೊಳ್ಳುವ, ಊರವರ ಬಾಯಲ್ಲಿ ಜೋ ಏನ್ಯೂ ಆಗಿರುವ ಈ ಹಾಡುಗಾರರು ಹುಟ್ಟಿದ್ದು 1919ರಲ್ಲಿ, ಗಾಲ್ವೇ ಜಿಲ್ಲೆಯ ಕಾರ್ನಾ ಎಂಬ ಊರಿನ ಪಕ್ಕದಲ್ಲಿ. ಅದು ಬಂಡೆ, ಜೌಗು ಮತ್ತು ಸಮುದ್ರದ ನೆಲ. ಕಡಲಿನಿಂದ ಪಾಚಿ ಹೊತ್ತು ತಂದು ಗೊಬ್ಬರವಾಗಿ ಹಾಕಿದರೆ ಆಲೂಗಡ್ಡೆ ಬೆಳೆಯುವಷ್ಟು ಮಣ್ಣು. 1845ರಲ್ಲಿ ಆರಂಭವಾದ ಮಹಾಕ್ಷಾಮದಲ್ಲಿ ಐರ್ಲೆಂಡಿನ ಸುಮಾರು ಹತ್ತು ಲಕ್ಷ ಜನ ಸತ್ತರು, ಅಷ್ಟೇ ಜನ ದೇಶ ಬಿಟ್ಟರು. ಹೆಚ್ಚು ಪೆಟ್ಟು ಬಿದ್ದದ್ದು ಐರಿಷ್ ಆಡುವ ಪಶ್ಚಿಮದ ಬಡವರಿಗೆ. ಹಾಗೆ ಹಿಂದೆ ಸರಿದ ಭಾಷೆ ಮನೆಮಾತಾಗಿ ಉಳಿದುಕೊಂಡ ಕೆಲವೇ ಕಡೆಗಳಲ್ಲಿ ಕಾರ್ನಾ ಒಂದು. ಹೀನಿಯವರ ತಂದೆ ನೂರಾರು ಹಾಡುಗಳನ್ನು ಬಲ್ಲವರಾಗಿದ್ದರು. ಮಗನಿಗೆ ಸಂಗೀತದ ಪಾಠ ಆದದ್ದು ಆ ಮನೆಯ ಒಲೆಯ ಮುಂದೆ.

ಈ ಹಾಡುಗಾರಿಕೆಗೆ ಇಂದು ‘ಶಾನ್ ನೋಸ್’ ಎಂಬ ಹೆಸರಿದೆ. ಹಳೆಯ ರೀತಿ ಎಂದು ಅರ್ಥ. ಇಲ್ಲಿ ಪಕ್ಕವಾದ್ಯವಿಲ್ಲ, ಶ್ರುತಿಪೆಟ್ಟಿಗೆಯಿಲ್ಲ, ಹಿಮ್ಮೇಳವಿಲ್ಲ. ಇರುವುದು ಒಂಟಿ ದನಿ ಮಾತ್ರ. ತಾಳಕ್ಕಿಂತ ಮಾತಿನ ನಡೆಯೇ ಮುಖ್ಯವಾಗಿ, ಸಾಲು ಎಲ್ಲಿ ಉಸಿರು ಬೇಡುತ್ತದೋ ಅಲ್ಲಿ ನಿಲ್ಲುತ್ತದೆ. ದುಃಖದ ಕಡೆ ದನಿ ತಗ್ಗಿಸುವುದು, ರೋಷದ ಕಡೆ ಏರಿಸುವುದು ಮುಂತಾದ ಅಭಿನಯವನ್ನು ಬಲ್ಲವರು ಮಾಡುವುದಿಲ್ಲ. ಭಾವವೆಲ್ಲ ಒಂದು ಅಕ್ಷರದ ಸುತ್ತ ಸ್ವರ ತಿರುಗುವ ಸಣ್ಣ ಬಳುಕುಗಳಲ್ಲಿದೆ, ಆ ಬಳುಕುಗಳೂ ಚರಣದಿಂದ ಚರಣಕ್ಕೆ ಬದಲಾಗುತ್ತವೆ. ನಮ್ಮ ಕಿವಿಗೆ ಅವು ಗಮಕದಂತೆ ಕೇಳುವುದುಂಟು. ಅದನ್ನೇ ಹಿಡಿದು ಐರ್ಲೆಂಡಿಗೂ ಭಾರತಕ್ಕೂ ಪುರಾತನ ಸಂಬಂಧ ಕಲ್ಪಿಸುವ ಉತ್ಸಾಹ ಕೆಲವರಲ್ಲಿದೆ. ಅಂಥ ಊಹೆಗಿಂತ ಹಾಡು ದೊಡ್ಡದು ಎಂದು ಮಾತ್ರ ಹೇಳಿ ಮುಂದೆ ಹೋಗುತ್ತೇನೆ. ಹಾಡುಗಾರರು ಕಣ್ಣು ಮುಚ್ಚಿಯೋ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಯೋ ಕೂರುತ್ತಾರೆ. ಪಕ್ಕದಲ್ಲಿದ್ದವರು ಅವರ ಕೈ ಹಿಡಿದು, ಹಾಡು ಮುಗಿಯುವವರೆಗೆ ನೂಲು ಸುತ್ತುವಂತೆ ಮೆಲ್ಲಗೆ ತಿರುಗಿಸುತ್ತಾ ಇರುತ್ತಾರೆ. ಹಾಡು ಕೊನೆಗೊಂಡಿತು ಎಂದು ತಿಳಿಸಲು, ಕೆಲವರು ಕಡೆಯ ಪದಗಳನ್ನು ರಾಗ ಬಿಟ್ಟು ಬರಿಯ ಮಾತಿನಲ್ಲಿ ಆಡಿಬಿಡುತ್ತಾರೆ.

1942ರಲ್ಲಿ ಡಬ್ಲಿನ್ನಿನಲ್ಲಿ ನಡೆದ ಐರಿಷ್ ಭಾಷೋತ್ಸವದ ಸ್ಪರ್ಧೆಯಲ್ಲಿ ಹೀನಿಯವರಿಗೆ ಮೊದಲ ಬಹುಮಾನ ಬಂತು. ಬಹುಮಾನದಿಂದ ಹೊಟ್ಟೆ ತುಂಬಲಿಲ್ಲ. ಅವರ ಸೀಮೆಯ ಸಾವಿರಾರು ಗಂಡಸರಂತೆ ಅವರೂ ಸ್ಕಾಟ್ಲೆಂಡಿಗೆ, ಇಂಗ್ಲೆಂಡಿಗೆ ಹೋಗಿ ಕಟ್ಟಡಗಳಲ್ಲಿ ಕೂಲಿ ಮಾಡಿದರು. ಲಂಡನ್ನಿನಲ್ಲಿ ಜನಪದ ಹಾಡಿನ ಹೊಸ ಅಲೆ ಎದ್ದಿದ್ದ ಕಾಲದಲ್ಲಿ ಹಾಡುಗಾರರಾದ ಯೂವನ್ ಮಕಾಲ್ ಮತ್ತು ಪೆಗಿ ಸೀಗರ್ ಹೀನಿಯವರನ್ನು ತಮ್ಮ ಹಾಡುಕೂಟಕ್ಕೆ ಬರಮಾಡಿಕೊಂಡು, ಅವರ ಹಾಡನ್ನೂ ಮಾತನ್ನೂ ಗಂಟೆಗಟ್ಟಲೆ ಧ್ವನಿಮುದ್ರಿಸಿದರು. 1963ರಲ್ಲಿ ಟಾಪಿಕ್ ಸಂಸ್ಥೆ ಹೊರತಂದ ಅವರ ಧ್ವನಿಮುದ್ರಿಕೆಯ ಹೆಸರಿನಲ್ಲೇ, ಇವು ಗೇಲಿಕ್ (ಅಂದರೆ ಐರಿಷ್ ಭಾಷೆ) ಮತ್ತು ಇಂಗ್ಲಿಷಿನ ಐರಿಷ್ ಸಾಂಪ್ರದಾಯಿಕ ಹಾಡುಗಳು ಎಂದು ಸಾರಲಾಗಿತ್ತು.

ಈ ‘ಮತ್ತು’ ಎಂಬ ಪದದ ಮೇಲೆ ಸ್ವಲ್ಪ ನಿಲ್ಲಬೇಕು. ಗೇಲಿಕ್ ಹಾಡೇ ಶುದ್ಧ, ಇಂಗ್ಲಿಷ್ ಹಾಡು ಕಲಬೆರಕೆ ಎಂದು ಬಗೆಯುವವರು ಅಂದೂ ಇದ್ದರು, ಇಂದೂ ಇದ್ದಾರೆ. ಹೀನಿಯವರ ಬುತ್ತಿಯಲ್ಲಿ ಎರಡೂ ಇದ್ದವು. ಆ ಧ್ವನಿಮುದ್ರಿಕೆಯಲ್ಲಿರುವ ‘ದಿ ರಾಕ್ಸ್ ಆಫ್ ಬಾನ್’ ಇಂಗ್ಲಿಷ್ ಹಾಡು; ಕಲ್ಲುನೆಲವನ್ನು ಉತ್ತು ಸೋತ ಆಳೊಬ್ಬನು, ಈ ದುಡಿತಕ್ಕಿಂತ ರಾಣಿಯ ಸೈನ್ಯಕ್ಕೆ ಸೇರುವುದೇ ಮೇಲು ಎಂದು ಹಲುಬುತ್ತಾನೆ. ಬೇರೆಯವರು ಇದನ್ನು ಚುರುಕಾಗಿ ಹಾಡಿದ್ದಾರೆ. ಹೀನಿಯವರು ಎಳೆದ ಗತಿಯಲ್ಲಿ, ಒಂದೊಂದು ಸಾಲಿಗೂ ನೇಗಿಲ ಭಾರವಿದೆ ಎಂಬಂತೆ ಹೇಳುತ್ತಾರೆ. ಪದ ಇಂಗ್ಲಿಷಿನದು, ಉಸಿರು ಕಾನಮಾರಾದ್ದು. ಇದಕ್ಕೆ ಎದುರಾದ ಉದಾಹರಣೆಯೂ ಅದೇ ಮುದ್ರಿಕೆಯಲ್ಲಿದೆ: ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡಿನ ಹಳೆಯ ಕಥನಗೀತೆ ‘ಲಾರ್ಡ್ ರ‍್ಯಾಂಡಲ್’ ಐರಿಷಿಗೆ ಬಂದ ರೂಪ. ವಿಷ ಉಂಡು ಮನೆಗೆ ಬಂದ ಮಗನನ್ನು ತಾಯಿ ಒಂದೊಂದಾಗಿ ಪ್ರಶ್ನೆ ಕೇಳುತ್ತಾಳೆ, ಅವನು ಒಂದೊಂದಾಗಿ ಉತ್ತರ ಕೊಡುತ್ತಾನೆ. ಕಥೆ ಆ ಪ್ರಶ್ನೋತ್ತರದಲ್ಲೇ ಬಿಚ್ಚಿಕೊಳ್ಳುತ್ತದೆ. ಹಾಡುಗಳು ಎರಡು ಭಾಷೆಗಳ ನಡುವೆ ಹೀಗೆ ಹೋಗಿ ಬಂದು ಮಾಡಿವೆ, ಆ ದಾರಿಯನ್ನು ಮುಚ್ಚಿದರೆ ಎರಡೂ ಕಡೆ ಬಡವಾಗುತ್ತವೆ.

‘ಹೇಳುವುದು’ ಎಂದೆನಲ್ಲ, ಅದಕ್ಕೆ ಇನ್ನೊಂದು ಮುಖವಿದೆ. ಆ ಸೀಮೆಯಲ್ಲಿ ಪ್ರತಿ ಹಾಡಿಗೂ ಅದು ಹುಟ್ಟಿದ ಕಥೆ ಜೊತೆಗಿರುತ್ತದೆ, ಕಥೆ ತಿಳಿಯದವರಿಗೆ ಹಾಡಿನ ಅರ್ಧವೇ ಸಿಕ್ಕಂತೆ. ‘ಕಾಸ ಅನ್ ತೂಗಾನ್’, ಅಂದರೆ ಹುಲ್ಲುಹಗ್ಗದ ಹೊಸೆತ, ಇದಕ್ಕೆ ಒಳ್ಳೆಯ ನಿದರ್ಶನ. ಬೇಡವಾದ ಪ್ರೇಮಿಯೊಬ್ಬ ಹುಡುಗಿಯ ಮನೆಗೆ ಬಂದು ಕೂತಿದ್ದಾನೆ, ಏಳುವ ಲಕ್ಷಣವಿಲ್ಲ. ತಾಯಿ ಹುಲ್ಲಿನ ಹಗ್ಗ ಹೊಸೆದುಕೊಡು ಎಂದು ಕೇಳುತ್ತಾಳೆ. ಒಬ್ಬರು ಕೂತು ಹುಲ್ಲು ಕೊಡುತ್ತಿರಲು, ಹೊಸೆಯುವವನು ಹಗ್ಗ ಉದ್ದವಾದಂತೆ ಹಿಂದಕ್ಕೆ ಹಿಂದಕ್ಕೆ ನಡೆಯಬೇಕು. ಅವನು ಹೊಸೆಯುತ್ತಾ ಹೊಸ್ತಿಲು ದಾಟಿದ, ಬಾಗಿಲು ಮುಚ್ಚಿತು. ಹಾಡಿನಲ್ಲಿ ಕೇಳುವುದು ಹೊರಗೆ ನಿಂತವನ ಅಳಲು ಮಾತ್ರ, ಬಾಗಿಲು ಮುಚ್ಚಿದ್ದು ಕಥೆಯಲ್ಲಿದೆ. ಹೀನಿಯವರು ಹೊರನಾಡಿನ ಸಭೆಗಳಲ್ಲಿ ಮೊದಲು ಕಥೆ ಹೇಳಿ ಆಮೇಲೆ ಹಾಡಿಗೆ ತೊಡಗುತ್ತಿದ್ದುದು ಪೀಠಿಕೆಯ ಶಾಸ್ತ್ರಕ್ಕಲ್ಲ. ಅವರಿಗೆ ಅದು ಹಾಡಿನದೇ ಭಾಗವಾಗಿತ್ತು.

1965ರಲ್ಲಿ ಅಮೆರಿಕದ ನ್ಯೂಪೋರ್ಟ್ ಜನಪದೋತ್ಸವದಲ್ಲಿ ಹಾಡಿದ ಅವರು, ಮರುವರ್ಷ ಅಲ್ಲಿಗೇ ವಲಸೆ ಹೋದರು. ನ್ಯೂಯಾರ್ಕಿನ ಮ್ಯಾನ್‌ಹಟನ್ನಿನಲ್ಲಿ ಶ್ರೀಮಂತರ ವಸತಿ ಕಟ್ಟಡವೊಂದರ ಬಾಗಿಲು ಕಾಯುವ ಕೆಲಸ ಸಿಕ್ಕಿತು. ವರ್ಷಗಟ್ಟಲೆ ಸಮವಸ್ತ್ರ ತೊಟ್ಟು, ಬಂದವರಿಗೆ ಬಾಗಿಲು ತೆರೆಯುತ್ತಾ ನಿಂತವರ ಎದೆಯಲ್ಲಿ ಒಂದು ಸೀಮೆಯ ಹಾಡೆಲ್ಲ ಇತ್ತು ಎಂಬುದನ್ನು ನೆನೆದಾಗ ನನಗೆ ಈಗಲೂ ಸಂಕಟವಾಗುತ್ತದೆ. ಮನ್ನಣೆ ತಡವಾಗಿ ಬಂತು. ಕನೆಟಿಕಟ್ಟಿನ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ, ಬಳಿಕ ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಅವರು ಕಲಿಸಿದರು. 1982ರಲ್ಲಿ ಅಮೆರಿಕದ ರಾಷ್ಟ್ರೀಯ ಪರಂಪರಾ ಗೌರವ ಮೊದಲ ಸಲ ಕೊಡಲ್ಪಟ್ಟಾಗ ಪಡೆದವರಲ್ಲಿ ಅವರೂ ಒಬ್ಬರು. 1984ರ ಮೇ 1ರಂದು ಸಿಯಾಟಲ್‌ನಲ್ಲಿ ತೀರಿಕೊಂಡರು. ದೇಹವನ್ನು ಕಾರ್ನಾಕ್ಕೆ ತಂದು, ಕಡಲ ಪಕ್ಕದ ಮೀರಸ್ ಸ್ಮಶಾನದಲ್ಲಿ ಮಣ್ಣು ಮಾಡಿದರು. ಅವರ ಹೆಸರಿನ ಹಾಡುಹಬ್ಬ ಆ ಊರಿನಲ್ಲಿ ನಡೆದು ಬಂದಿದೆ, ಸಿಯಾಟಲ್‌ನ ಸಂಗ್ರಹದಲ್ಲಿ ಅವರ ದನಿ ಉಳಿದಿದೆ.

ಈಗ ಆ ದನಿಯನ್ನೇ ಕೇಳೋಣ. ನಾನು ಆರಿಸಿರುವುದು ‘ಕೀನೆ ನ ದ್ರೀ ಮ್ವಿರೆ’, ಮೂವರು ಮೇರಿಯರ ಶೋಕ. ಗುಡ್‌ಫ್ರೈಡೆಯ ದಿನಗಳಲ್ಲಿ ಆ ಸೀಮೆಯ ಹೆಂಗಸರು ಹಾಡಿಕೊಳ್ಳುತ್ತಿದ್ದ ಹಾಡು. ಯೇಸುವಿನ ತಾಯಿ ಮೇರಿ ಶಿಷ್ಯ ಪೀಟರನನ್ನು, ನನ್ನ ಕಂದನನ್ನು ಕಂಡೆಯಾ ಎಂದು ಕೇಳುವಲ್ಲಿ ಹಾಡು ಶುರುವಾಗುತ್ತದೆ. ಪ್ರತಿ ಸಾಲಿನ ಕೊನೆಗೆ ‘ಓಖೋನ್, ಓಖೋನ್ ಓ’ ಎಂಬ ಮೊರೆ ಮರಳಿ ಬರುತ್ತದೆ. ಸತ್ತವರ ಮುಂದೆ ಕೂತು ಅಳುವ ಹೆಂಗಸರ ಅಳುವಿನ ಮಾತು ಅದು. ಒಂದೊಂದು ಸಲವೂ ಆ ಮೊರೆ ತುಸು ಬೇರೆಯಾಗಿ ಬಳುಕುವುದನ್ನು ದಯವಿಟ್ಟು ಕಿವಿಗೊಟ್ಟು ಕೇಳಿ.