ಎರಡೂ ಮನೆಯ ಬೆಲ್ಲ ನೀರು

ನಮ್ಮ ಮಂಗಳೂರು ಕಡೆ ಜಾಗದ ತಕರಾರು ಬಂದರೆ ಮೊದಲು ಪಂಚಾತಿಕೆಗೆ ಒಬ್ಬರನ್ನು ಕರೆಯುತ್ತಿದ್ದರು. ನನ್ನ ಅಜ್ಜ ಅಂಥವರು. ಬೆಳಗ್ಗೆ ಒಂದು ಮನೆಯಲ್ಲಿ ಬೆಲ್ಲ ನೀರು, ಸಂಜೆ ಇನ್ನೊಂದು ಮನೆಯಲ್ಲಿ ಚಹಾ. ಬೆನ್ನ ಹಿಂದೆ ಎರಡೂ ಮನೆಯವರ ಮಾತು ಒಂದೇ: "ಅವರು ಆ ಕಡೆಯವರು ಮಾರಾಯ್ರೆ!"

ಅಂತಾರಾಷ್ಟ್ರೀಯ ರೆಡ್‌ಕ್ರಾಸ್ ಸಮಿತಿಯ ಅಧ್ಯಕ್ಷರಾಗಿದ್ದ ಪೀಟರ್ ಮೌರೆರ್ ಅವರ ಒಂದು ಫೋಟೋ ನೋಡಿದಾಗೆಲ್ಲ ಅಜ್ಜ ನೆನಪಾಗುತ್ತಾರೆ. 2022ರ ಮಾರ್ಚ್, ಮಾಸ್ಕೋ. ರಷ್ಯಾದ ವಿದೇಶಾಂಗ ಸಚಿವ ಲಾವ್ರೋವ್ ಜೊತೆ ಕೈ ಕುಲುಕುತ್ತಿದ್ದಾರೆ, ಮುಖದಲ್ಲಿ ನಗು. ಅತ್ತ ಉಕ್ರೇನಿನಲ್ಲಿ ಬಾಂಬ್ ಬೀಳುತ್ತಿದೆ. ಜನ ಉಗಿದರು. ಹಿಂದಿನ ವಾರವಷ್ಟೇ ಇದೇ ಮನುಷ್ಯ ಉಕ್ರೇನಿನ ರಾಜಧಾನಿ ಕೀವ್‌ನಲ್ಲಿದ್ದರು. ಅಲ್ಲಿನ ಫೋಟೋ ಯಾರೂ ಶೇರ್ ಮಾಡಲಿಲ್ಲ, ಅಲ್ವಾ?

ಮೌರೆರ್ ಹುಟ್ಟಿದ್ದು 1956ರಲ್ಲಿ, ಸ್ವಿಟ್ಜರ್ಲೆಂಡಿನ ಥೂನ್‌ನಲ್ಲಿ. ಇತಿಹಾಸ ಓದಿ, 1987ರಲ್ಲಿ ವಿದೇಶಾಂಗ ಸೇವೆ ಸೇರಿದರು. 2004ರಿಂದ ವಿಶ್ವಸಂಸ್ಥೆಯಲ್ಲಿ ರಾಯಭಾರಿ. 2012ರ ಜುಲೈಯಲ್ಲಿ ಜಿನೀವಾದ ಅಂತಾರಾಷ್ಟ್ರೀಯ ರೆಡ್‌ಕ್ರಾಸ್ ಸಮಿತಿಯ ಅಧ್ಯಕ್ಷರಾದರು. ಸೆಪ್ಟೆಂಬರ್‌ನಲ್ಲಿ ಆಗಲೇ ಸಿರಿಯಾದಲ್ಲಿ, ಅಲ್ಲಿನ ಆಗಿನ ಅಧ್ಯಕ್ಷ ಅಸಾದ್ ಎದುರು ಕುಳಿತಿದ್ದರು. ಮುಂದೆ 10 ವರ್ಷ ಇದೇ ಕೆಲಸ.

ಈ ಸಂಸ್ಥೆ ಜೈಲಿನೊಳಗೆ ಹೋಗಿ ಕೈದಿಗಳನ್ನು ನೋಡುತ್ತದೆ. ಕಂಡದ್ದನ್ನು ಆ ಸರಕಾರಕ್ಕೇ ಗುಟ್ಟಾಗಿ ಹೇಳುತ್ತದೆ. ಟಿವಿ ಮುಂದೆ ಕೂಗಿದರೆ ಮರುದಿನ ಬಾಗಿಲು ಬಂದ್. ಹಾಗಂತ ಬಾಯಿ ಮುಚ್ಚಿಕೊಂಡದ್ದೆಲ್ಲ ಸರಿಯಲ್ಲ. 1942ರ ಅಕ್ಟೋಬರ್‌ನಲ್ಲಿ, ನಾಜಿಗಳು ಯಹೂದಿಗಳನ್ನು ಸಾವಿನ ಶಿಬಿರಗಳಿಗೆ ಸಾಗಿಸುತ್ತಿರುವುದು ಗೊತ್ತಿದ್ದೂ, ಬಹಿರಂಗ ಮನವಿ ಬೇಡ ಎಂದು ಇದೇ ಸಮಿತಿ ತೀರ್ಮಾನಿಸಿತು. ಆ ಕಲೆ ಇನ್ನೂ ಹೋಗಿಲ್ಲ. ಮೌರೆರ್ ಮೇಲೂ ನನಗೊಂದು ತಕರಾರಿದೆ: ಅಧ್ಯಕ್ಷರಾಗಿದ್ದಾಗಲೇ ದಾವೋಸ್‌ ಸಭೆಗೆ ದೊಡ್ಡ ಕಂಪನಿಗಳವರನ್ನು ಸೇರಿಸುವ ವಿಶ್ವ ಆರ್ಥಿಕ ವೇದಿಕೆಯ ಮಂಡಳಿಯಲ್ಲೂ ಕುಳಿತರು. ಪಂಚಾತಿಕೆಯವರು ಸಾಹುಕಾರರ ಜಗಲಿಯಲ್ಲಿ ಜಾಸ್ತಿ ಹೊತ್ತು ಕೂರಬಾರದು.

ಆದರೆ ಕೈ ಕುಲುಕಿದ್ದಕ್ಕೆ ಬೈಯಲು ನನಗೆ ಮನಸ್ಸಿಲ್ಲ. ರಷ್ಯಾ ಸೈನ್ಯ ಮುತ್ತಿದ್ದ ಉಕ್ರೇನಿನ ಮರಿಯುಪೋಲ್‌ನ ಅಜೋವ್‌ಸ್ಟಾಲ್ ಉಕ್ಕಿನ ಕಾರ್ಖಾನೆಯ ನೆಲಮಾಳಿಗೆಯಲ್ಲಿ ಹೆಂಗಸರು, ಮಕ್ಕಳು ವಾರಗಟ್ಟಲೆ ಸಿಕ್ಕಿಬಿದ್ದಿದ್ದರು. ಅವರನ್ನು ಹೊರಗೆ ತರಲು ಎರಡೂ ಸೈನ್ಯ ಒಪ್ಪಬೇಕಿತ್ತು. ವಿಶ್ವಸಂಸ್ಥೆಯೂ ರೆಡ್‌ಕ್ರಾಸ್ ಸಮಿತಿಯೂ ಸೇರಿ ಒಪ್ಪಿಸಿದವು. 2022ರ ಮೇ 3ರಂದು ಉಕ್ರೇನ್ ಕೈಯಲ್ಲಿದ್ದ ಜಪೋರಿಜಿಯಾ ನಗರಕ್ಕೆ ಬಸ್ಸುಗಳು ಬಂದವು. ಒಳಗೆ 100ಕ್ಕೂ ಹೆಚ್ಚು ಜನ ಇದ್ದರು.