ಹೊಸ ಟೈರು ಹಿಂದಿನ ಗಾಲಿಗೆ

ಕೇಳುಗರಿಗೆ ನಮಸ್ಕಾರ.

ಕಳೆದ ವರ್ಷ ಮಳೆ ಹಿಡಿಯುವುದಕ್ಕೆ ಮುನ್ನ, ಸವೆದುಹೋಗಿದ್ದ ಮುಂದಿನ ಎರಡು ಟೈರುಗಳನ್ನು ಬದಲಿಸಲೆಂದು ಅಂಗಡಿಗೆ ಹೋಗಿದ್ದೆ. ಕಾರಿನ ಜೊತೆಗೆ ಬಂದಿದ್ದ ಮಾದರಿ ಅಲ್ಲಿರಲಿಲ್ಲ. ಅದೇ ಅಳತೆಯ ಬೇರೊಂದು ಕಂಪನಿಯದಿತ್ತು. ನಾನು ಬಾಯಿ ತೆರೆಯುವ ಮೊದಲೇ ಹುಡುಗ ಹೊಸ ಜೋಡಿಯನ್ನು ಮುಂದಕ್ಕೆ ತೊಡಿಸಿ, "ಸ್ಟೇರಿಂಗ್ ಇರೋದು ಮುಂದೇನೇ ಅಲ್ವಾ ಸಾರ್, ಒಳ್ಳೇದು ಅಲ್ಲೇ ಇರ್ಲಿ" ಎಂದ. ಕೇಳಲು ಸರಿಯೆನ್ನಿಸುವ ಮಾತು. ಆದರೂ ಅದು ತಪ್ಪು. ಹೊಸ ಜೋಡಿ ಹಿಂದಕ್ಕೆ ಹೋಗಿ, ಹಿಂದಿದ್ದ ಹಳೆಯ ಜೋಡಿ ಮುಂದಕ್ಕೆ ಬರಬೇಕು.

ಹಿಂದೆ ಮುಂದೆ ಬೇರೆ ಬೇರೆ ಮಾದರಿ ಹಾಕಬಹುದೇ ಎಂದರೆ, ನಾಲ್ಕೂ ಒಂದೇ ಆಗಿದ್ದರೆ ಮೇಲು. ಜೇಬು ಒಪ್ಪದಿದ್ದರೆ ಹಾಕಬಹುದು. ಟೈರಿನ ಪಕ್ಕೆಯಲ್ಲಿ 185/65 ಆರ್15 88ಎಚ್ ಎಂಬಂಥ ಬರಹವಿರುತ್ತದೆ. ಇದರಲ್ಲಿ 88 ಎಂದರೆ ಒಂದು ಟೈರು 560 ಕಿಲೋ ಹೊರಬಲ್ಲದೆಂದೂ, ಎಚ್ ಎಂದರೆ ಗಂಟೆಗೆ 210 ಕಿಲೋಮೀಟರ್ ವೇಗವನ್ನು ತಾಳಬಲ್ಲದೆಂದೂ ಅರ್ಥ. ಕಾರು ತಯಾರಕರು ಹೇಳಿದ ಅಳತೆಯೇ ಇರಬೇಕು, ಈ ಎರಡು ಗುರುತುಗಳು ಅವರು ಹೇಳಿದ್ದಕ್ಕಿಂತ ಕೆಳಗಿಳಿಯಬಾರದು. ಎಡಕ್ಕೊಂದು ಬಲಕ್ಕೊಂದು ಮಾದರಿ ಮಾತ್ರ ಸಲ್ಲದು. ಬ್ರೇಕು ಒತ್ತಿದಾಗ ಎರಡು ಬದಿಯ ಹಿಡಿತದಲ್ಲಿ ವ್ಯತ್ಯಾಸವಾಗಿ ಕಾರು ಒಂದು ಕಡೆಗೆ ಎಳೆದೀತು. ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ಹರಿಯುವ ವಾಹನಗಳಲ್ಲಿ ಸುತ್ತಳತೆಯ ಸಣ್ಣ ಅಂತರವೂ ಗೇರುಗಳಿಗೆ ಪೆಟ್ಟು ಕೊಡುವುದರಿಂದ, ಅವುಗಳಿಗೆ ಈ ರಿಯಾಯಿತಿ ಇಲ್ಲ.

ಇನ್ನು ಹುಡುಗನ ಮಾತಿಗೆ ಬರುತ್ತೇನೆ. ನಮ್ಮ ಸಣ್ಣ ಕಾರುಗಳಲ್ಲಿ ಹೆಚ್ಚಿನವು ಮುಂದಿನ ಚಕ್ರಗಳಿಂದ ಓಡುವಂಥವು. ಎಳೆಯುವುದು, ತಿರುಗಿಸುವುದು, ಬ್ರೇಕಿನ ಬಹುಪಾಲು ಭಾರ ಹೊರುವುದು, ಎಲ್ಲವೂ ಮುಂದಿನ ಟೈರುಗಳದೇ ಕೆಲಸವಾದ್ದರಿಂದ ಅವೇ ಬೇಗ ಸವೆಯುತ್ತವೆ. ಹೊಸದನ್ನು ಅಲ್ಲಿಗೇ ಹಾಕಿದರೆ, ಹಿಂದೆ ಉಳಿಯುವುದು ಬಟನ್, ಅಂದರೆ ರಸ್ತೆಗೆ ತಾಗುವ ಉಬ್ಬು ರಬ್ಬರು, ಅರ್ಧ ಸವೆದ ಜೋಡಿ. ಒಣ ರಸ್ತೆಯಲ್ಲಿ ಇದರ ಸುಳಿವೇ ಸಿಗುವುದಿಲ್ಲ. ಕೊಟ್ಟಿಗೆಹಾರ ದಾಟಿ ಮಳೆಯಲ್ಲಿ ಚಾರ್ಮಾಡಿ ಘಾಟಿ ಇಳಿಯುವಾಗ ಸಿಗುತ್ತದೆ. ಇಳಿಜಾರಿನಲ್ಲಿ ಕಾರಿನ ಭಾರ ಮುಂದಕ್ಕೆ ವಾಲಿ ಹಿಂಭಾಗ ಮೊದಲೇ ಹಗುರವಾಗಿರುತ್ತದೆ. ಸವೆದ ಟೈರಿನ ಗೀರುಗಳು ರಸ್ತೆಯ ನೀರನ್ನು ಹೊರತಳ್ಳಲಾರದೆ ಟೈರು ನೀರಿನ ಪದರದ ಮೇಲೆ ತೇಲತೊಡಗುತ್ತದೆ. ನೇರ ದಾರಿಯಲ್ಲಾದರೆ ಮುಂದಿನ ಟೈರು ಒರೆಸಿದ ಜಾಡಿನಲ್ಲೇ ಹಿಂದಿನದು ಸಾಗುತ್ತದೆ, ತಿರುವಿನಲ್ಲಿ ಆ ಅನುಕೂಲವೂ ಇಲ್ಲ.

ಮುಂದಿನ ಹಿಡಿತ ತಪ್ಪಿದರೆ ಕಾರು ತಿರುಗದೆ ನೇರ ಹೋಗುತ್ತದೆ, ಸ್ಟೇರಿಂಗ್ ಕೈಯಲ್ಲಿ ಹಗುರವಾಗುತ್ತದೆ; ಹೆದರಿದ ಚಾಲಕ ತಾನಾಗಿಯೇ ಆಕ್ಸಿಲರೇಟರಿನಿಂದ ಕಾಲೆತ್ತುತ್ತಾನೆ, ಅದರಿಂದಲೇ ಅನೇಕ ಬಾರಿ ಹಿಡಿತ ಮರಳುತ್ತದೆ. ಹಿಂದಿನದು ತಪ್ಪಿದರೆ ಅದೇ ಕಾಲೆತ್ತುವಿಕೆ ಮುಳುವಾಗುತ್ತದೆ, ಏಕೆಂದರೆ ಭಾರ ಇನ್ನಷ್ಟು ಮುಂದಕ್ಕೆ ಸರಿದು ಹಿಂಭಾಗ ಮತ್ತಷ್ಟು ಜಾರಿ, ಕಾರು ಬುಗುರಿಯಂತೆ ತಿರುಗಿಬಿಡುತ್ತದೆ. ಅದನ್ನು ಸರಿಪಡಿಸುವ ಕೈಚಳಕ ಪಳಗಿದ ಚಾಲಕರಿಗಿದ್ದೀತು, ನನಗಂತೂ ಇಲ್ಲ.

ಹೊಸದೆಂದ ಮಾತ್ರಕ್ಕೆ ಹಿಡಿತ ಹೆಚ್ಚೆಂದು ಭಾವಿಸಬಾರದು. ಬಹುಕಾಲ ಬಾಳಲೆಂದು ಗಡಸು ರಬ್ಬರಿನಲ್ಲಿ ಮಾಡಿದ ಅಗ್ಗದ ಟೈರು ಒದ್ದೆ ರಸ್ತೆಯಲ್ಲಿ ನಿರಾಶೆಗೊಳಿಸಬಹುದು. ಕೊಳ್ಳುವಾಗ ಪಕ್ಕೆಯ ನಾಲ್ಕಂಕಿಯನ್ನೂ ನೋಡಿ: 2319 ಎಂದಿದ್ದರೆ 2019ರ 23ನೆಯ ವಾರದಲ್ಲಿ ತಯಾರಾದದ್ದು, ಗೋದಾಮಿನಲ್ಲೇ ವಯಸ್ಸಾಗಿರುವ ಮಾಲು. ಹಳೆಯ ಜೋಡಿಯ ಗೀರುಗಳ ನಡುವೆ ಹೆಬ್ಬೆರಳಿನ ಉಗುರಾಡಿಸಿದರೆ ತಗಲುವ ಪುಟ್ಟ ಅಡ್ಡಗಟ್ಟೆಗಳು 1.6 ಮಿಲಿಮೀಟರ್ ಎತ್ತರದವು. ಬಟನ್ ಅವುಗಳ ಮಟ್ಟಕ್ಕಿಳಿದಿದ್ದರೆ, ಅಂಥ ಟೈರನ್ನು ಹಿಂದಕ್ಕೂ ಹಾಕುವಂತಿಲ್ಲ, ಮುಂದಕ್ಕೂ ಹಾಕುವಂತಿಲ್ಲ.

ಎರಡು ಮಾದರಿ ಸೇರಿದ ಮೇಲೆ ಒಂದು ತೊಡಕೂ ಉಳಿಯುತ್ತದೆ. ಟೈರುಗಳನ್ನು ಆಗಾಗ ಸ್ಥಾನ ಬದಲಿಸಿ ಸಮನಾಗಿ ಸವೆಸುವುದು ಒಳ್ಳೆಯ ಪದ್ಧತಿಯೇ ಆದರೂ, ಇಲ್ಲಿ ಹಾಗೆ ಮಾಡಿದರೆ ಒಳ್ಳೆಯ ಜೋಡಿ ಮತ್ತೆ ಮುಂದಕ್ಕೆ ಬರುತ್ತದೆ. ಹಾಗಾಗಿ ನಾನು ಆ ಬದಲಾವಣೆಯನ್ನೇ ಕೈಬಿಟ್ಟಿದ್ದೇನೆ; ಮುಂದಿನ ಹಳೆಯ ಜೋಡಿ ಸವೆದು ಮುಗಿಯಲಿ, ಆಗ ಹಿಂದಿನದು ಮುಂದಕ್ಕೆ ಬಂದು, ಹೊಸ ಜೋಡಿ ಹಿಂದಕ್ಕೆ ಹೋಗುತ್ತದೆ. ಅಂದು ಹುಡುಗ ಗೊಣಗುತ್ತಲೇ ಜಾಕಿ ಏರಿಸಿ ನಾಲ್ಕನ್ನೂ ಅದಲುಬದಲು ಮಾಡಿಕೊಟ್ಟ, ಅರ್ಧ ಗಂಟೆಯೂ ಹಿಡಿಯಲಿಲ್ಲ.

ನಮಸ್ಕಾರ.