ಚೆಲ್ಲುವ ಮುನ್ನ ಒಮ್ಮೆ ನೋಡಿ

ಆಕಾಶವಾಣಿ ಧಾರವಾಡ ಕೇಂದ್ರದ ಕೇಳುಗರೆಲ್ಲರಿಗೂ ನಮಸ್ಕಾರ. ಆಕಸ್ಮಿಕವಾಗಿ ಆದ ಆವಿಷ್ಕಾರಗಳನ್ನು ಕುರಿತು ಮಾತನಾಡಲು ನನ್ನನ್ನು ಕರೆದಿದ್ದಾರೆ. ರಸಾಯನಶಾಸ್ತ್ರ ಕಲಿಸುತ್ತಲೇ ಆಯುಷ್ಯ ಕಳೆದ ನಾನು ಹೇಳಬೇಕಾದದ್ದು ಒಂದೇ ಮಾತು: ಕೆಟ್ಟಿತೆಂದು ಚೆಲ್ಲುವ ಮುನ್ನ ಅದನ್ನು ಒಮ್ಮೆ ನೋಡಿ.

ಗದಗ ಸೀಮೆಯ ಎರೆ ಹೊಲಗಳಲ್ಲಿ ಹಿಂಗಾರಿ ಜೋಳದ ನಡುವೆ ಕುಸುಬೆ ಬಿತ್ತುವ ರೈತ ಬಾಂಧವರು ಇಂದು ಅದನ್ನು ಎಣ್ಣೆಗಾಗಿ ಬೆಳೆಯುತ್ತಾರೆ. ಆದರೆ ಬಟ್ಟೆಗೆ ಕೆಂಪು ಏರಿಸಲು ಅದರ ಹೂವಿನ ಎಸಳನ್ನೇ ಬಳಸುತ್ತಿದ್ದ ಕಾಲವೊಂದಿತ್ತು. ನೀಲಿಗೆ ನೀಲಿಗಿಡ, ಕೆಂಪಿಗೆ ಮಂಜಿಷ್ಠದ ಬೇರು, ಹಳದಿಗೆ ಅರಿಶಿನ. ಬಣ್ಣವೆಂದರೆ ಗಿಡದಿಂದಲೋ ಹುಳುವಿನಿಂದಲೋ ಬರಬೇಕಾದದ್ದು. ಈಗ ಬೆಟಗೇರಿಯಲ್ಲಿ ನೂಲಿನ ಲಡಿಗಳನ್ನು ಅದ್ದುವ ಪುಡಿಬಣ್ಣವು ಅಂಗಡಿಯಿಂದ ಬರುತ್ತದೆ. ಆ ಪುಡಿಬಣ್ಣಗಳ ವಂಶ ಆರಂಭವಾದದ್ದು ಹದಿನೆಂಟು ವರ್ಷದ ಹುಡುಗನೊಬ್ಬನ ಕೆಟ್ಟ ಪ್ರಯೋಗದಿಂದ.

ಅವನ ಹೆಸರು ವಿಲಿಯಂ ಪರ್ಕಿನ್, ಊರು ಲಂಡನ್, ವರ್ಷ 1856. ಮಲೇರಿಯಾಕ್ಕೆ ಆಗ ಇದ್ದ ಮದ್ದು ಕ್ವಿನೈನ್ ಒಂದೇ. ಅದು ಸಿಂಕೋನಾ ಮರದ ತೊಗಟೆಯಿಂದ ಬರುತ್ತಿದ್ದುದರಿಂದ ಬೆಲೆಯೂ ಹೆಚ್ಚು, ಬೇಡಿಕೆಯೂ ಹೆಚ್ಚು. ಅದನ್ನು ಕಲ್ಲಿದ್ದಲಿನ ಡಾಂಬರಿನಿಂದ ತಯಾರಿಸಬಹುದೇ ಎಂಬುದು ಅವನ ಗುರು ಹಾಫ್‌ಮನ್ ಅವರ ಯೋಚನೆ. ಈಸ್ಟರ್ ರಜೆಯಲ್ಲಿ ಹುಡುಗ ಮನೆಯಲ್ಲಿಯೇ ಮಾಡಿಕೊಂಡಿದ್ದ ಸಣ್ಣ ಪ್ರಯೋಗಾಲಯದಲ್ಲಿ ಕುಳಿತ. ಮೊದಲ ಪ್ರಯತ್ನದಲ್ಲಿ ಕೆಂಗಂದು ಬಣ್ಣದ ರಾಡಿ ಬಂತು. ಆಮೇಲೆ ಆ ಡಾಂಬರಿನಿಂದಲೇ ಸಿಗುವ ಅನಿಲೀನ್ ಎಂಬ ದ್ರವ ತೆಗೆದುಕೊಂಡು ಪೊಟ್ಯಾಸಿಯಂ ಡೈಕ್ರೋಮೇಟ್ ಎಂಬ ಲವಣ ಬೆರೆಸಿದ. ಈ ಬಾರಿ ತಳದಲ್ಲಿ ಕಾಡಿಗೆಯಂಥ ಕರಿಯ ಗಸಿ ಉಳಿಯಿತು. ಕ್ವಿನೈನ್ ಬಣ್ಣವಿಲ್ಲದ ಪದಾರ್ಥ. ಆದ್ದರಿಂದ ಪ್ರಯೋಗ ಸೋತಿತೆಂದು ತಿಳಿಯಲು ಮತ್ತಾವ ಪರೀಕ್ಷೆಯೂ ಬೇಕಿರಲಿಲ್ಲ.

ಇಲ್ಲಿ ದಯವಿಟ್ಟು ಗಮನವಿಟ್ಟು ಕೇಳಿ. ಆ ಗಸಿಯನ್ನು ಮದ್ಯಸಾರ ಹಾಕಿ ತೊಳೆಯುವಾಗ ದ್ರವವು ನೇರಳೆ ಹಣ್ಣು ಹಿಸುಕಿದಂತೆ ಬಣ್ಣಕ್ಕೆ ತಿರುಗಿತು. ಹುಡುಗ ಅದನ್ನು ಚೆಲ್ಲಲಿಲ್ಲ. ರೇಷ್ಮೆಯ ತುಂಡೊಂದನ್ನು ಅದರಲ್ಲಿ ಅದ್ದಿ, ತೊಳೆದು, ಬೆಳಕಿಗೆ ಇಟ್ಟ. ಬಣ್ಣ ಬಿಡಲಿಲ್ಲ. ಮಾದರಿಯನ್ನು ಸ್ಕಾಟ್ಲೆಂಡಿನ ಬಣ್ಣಗಾರರಿಗೆ ಕಳುಹಿಸಿ ಅವರ ಅಭಿಪ್ರಾಯ ಕೇಳಿದ, ಅದೇ ಆಗಸ್ಟಿನಲ್ಲಿ ಪೇಟೆಂಟ್ ಪಡೆದ, ಮರುವರ್ಷ ತಂದೆ ಮತ್ತು ಅಣ್ಣನೊಡನೆ ಕಾರ್ಖಾನೆ ಕಟ್ಟಿದ. ಆ ಬಣ್ಣದ ಹೆಸರು ಮಾವ್. ಇನ್ನೊಂದು ಸೋಜಿಗ ಕೇಳಿ: ಅವನ ಅನಿಲೀನ್ ಶುದ್ಧವಾಗಿರಲಿಲ್ಲ, ಅದರಲ್ಲಿ ಟೊಲುಇಡೀನ್ ಎಂಬ ಕಲಬೆರಕೆ ಇತ್ತು. ಅದಿಲ್ಲದಿದ್ದರೆ ಆ ನೇರಳೆ ಹುಟ್ಟುತ್ತಲೇ ಇರಲಿಲ್ಲ.

ಇದನ್ನು ಅದೃಷ್ಟವೆಂದು ಕರೆದು ಸುಮ್ಮನಾಗುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಕರಿಯ ಗಸಿ ನನ್ನ ತರಗತಿಯಲ್ಲಿ ಪ್ರತಿ ವರ್ಷವೂ ಬರುತ್ತಿತ್ತು. ತೊಳೆದ ನೀರು ಯಾವ ಬಣ್ಣಕ್ಕಿತ್ತು ಎಂದು ಕೇಳಿದರೆ ವಿದ್ಯಾರ್ಥಿಗಳು ಮುಖ ಮುಖ ನೋಡಿಕೊಳ್ಳುತ್ತಿದ್ದರು, ಏಕೆಂದರೆ ನೀರು ಆಗಲೇ ಮೋರಿ ಸೇರಿರುತ್ತಿತ್ತು. ಶಾಲಾ ಮಕ್ಕಳೇ, ಚೆಲ್ಲುವ ಮುನ್ನ ನೋಡಿ. ನೋಡಿದ್ದನ್ನು ವಹಿಯಲ್ಲಿ ಬರೆದಿಡಿ.

ಪರ್ಕಿನ್‌ನ ಕಥೆಯೇ ಹೆಚ್ಚು ಸಮಯ ತೆಗೆದುಕೊಂಡಿತು, ಉಳಿದವನ್ನು ಬೇಗ ಹೇಳುತ್ತೇನೆ. 1928ರ ಸೆಪ್ಟೆಂಬರಿನಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ರಜೆ ಮುಗಿಸಿ ಲಂಡನ್ನಿನ ಸೇಂಟ್ ಮೇರಿ ಆಸ್ಪತ್ರೆಗೆ ಮರಳಿದಾಗ, ಬ್ಯಾಕ್ಟೀರಿಯಾ ಬೆಳೆಸಿದ್ದ ತಟ್ಟೆಯೊಂದಕ್ಕೆ ಬೂಷ್ಟು ಹಿಡಿದಿತ್ತು. ರೊಟ್ಟಿಗೆ ಬೂಷ್ಟು ಬಂದರೆ ನಾವು ಎಸೆಯುತ್ತೇವೆ, ಎಸೆಯಲೇಬೇಕು. ಆದರೆ ಅವರು ಬೂಷ್ಟಿನ ಸುತ್ತ ಬ್ಯಾಕ್ಟೀರಿಯಾ ಕರಗಿಹೋಗಿದ್ದನ್ನು ಕಂಡರು. ಪೆನಿಸಿಲಿನ್ನಿನ ಗುರುತು ಸಿಕ್ಕಿದ್ದು ಹೀಗೆ.

ಅದಕ್ಕೂ ಮೊದಲು, 1896ರಲ್ಲಿ, ಪ್ಯಾರಿಸ್ಸಿನಲ್ಲಿ ಹೆನ್ರಿ ಬೆಕೆರೆಲ್ ಯುರೇನಿಯಂ ಲವಣವನ್ನು ಬಿಸಿಲಿಗೆ ಹಿಡಿದು ಪ್ರಯೋಗ ನಡೆಸಿದ್ದರು. ಫೆಬ್ರವರಿಯ ಕೊನೆಗೆ ಮೋಡ ಕವಿದು ಬಿಸಿಲು ಕಾಣದಾಯಿತು. ಕಪ್ಪು ಕಾಗದದಲ್ಲಿ ಸುತ್ತಿದ ಛಾಯಾಚಿತ್ರದ ಗಾಜನ್ನು ಲವಣದ ಸಮೇತ ಮೇಜಿನ ಖಾನೆಯೊಳಗೆ ಇಟ್ಟರು. ಬಿಸಿಲು ಬೀಳದ ಗಾಜಿನಲ್ಲಿ ಮಸುಕಾದ ಗುರುತು ಕಂಡರೆ ಹೆಚ್ಚು ಎಂದುಕೊಂಡೇ ಮಾರ್ಚ್ 1ರಂದು ಅದನ್ನು ಸಂಸ್ಕರಿಸಿದರು. ಲವಣ ಇದ್ದಲ್ಲೆಲ್ಲ ಅಚ್ಚಗಪ್ಪು ನೆರಳು ಮೂಡಿತ್ತು. ಬಿಸಿಲಿಲ್ಲದೆಯೂ ಆ ಲವಣ ತಾನಾಗಿಯೇ ಕಿರಣ ಸೂಸುತ್ತದೆಂದು, ಅಂದರೆ ವಿಕಿರಣಶೀಲತೆ ಎಂಬುದೊಂದಿದೆಯೆಂದು, ಗೊತ್ತಾದದ್ದು ಹೀಗೆ.